1895ರ ಡಾಲರ್ ಯಾಕಿಷ್ಟು ದುಬಾರಿ? ಅಮೆರಿಕದ ಪ್ರೂಫ್ ಬೆಳ್ಳಿ ನಾಣ್ಯಗಳ ಕಥೆ

(ತೆರೆಯ ಮೇಲೆ: 1895ರ ಮಾರ್ಗನ್ ಡಾಲರ್, ಎರಡೂ ಮುಖ)

ನಮಸ್ಕಾರ. ನೀವು ನೋಡ್ತಿರೋದು 1895ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ತಯಾರಾದ ಬೆಳ್ಳಿ ಡಾಲರ್. ಮಾರ್ಗನ್ ಡಾಲರ್ ಅಂತ ಹೆಸರು. ಈ ವಿನ್ಯಾಸದ ಡಾಲರ್‌ಗಳು ಕೋಟಿಗಟ್ಟಲೆ ಬಂದಿವೆ. ಸಾಧಾರಣ ವರ್ಷದ್ದು ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಆದರೆ ಇದಕ್ಕೆ ಹತ್ತಾರು ಸಾವಿರ ಡಾಲರ್ ಕೊಡಬೇಕು.

ಕಾರಣ ಇಷ್ಟು. ಆ ವರ್ಷ ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು 12,000 ಡಾಲರ್ ತಯಾರಾಯಿತು ಅಂತ ಟಂಕಸಾಲೆಯ ಲೆಕ್ಕ ಹೇಳುತ್ತದೆ. ಖಚಿತವಾಗಿ ಅದರದ್ದೇ ಎನ್ನಬಹುದಾದ ಒಂದು ನಾಣ್ಯವೂ ಸಿಕ್ಕಿಲ್ಲ. 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿ ಬೆಳ್ಳಿ ಡಾಲರ್ ಕರಗಿಸಿದರಲ್ಲ, ಅದರಲ್ಲೇ ಹೋಗಿರಬೇಕು ಅಂತ ಕೆಲವರು. ಲೆಕ್ಕವೇ ತಪ್ಪು ಅಂತ ಇನ್ನು ಕೆಲವರು. ಹಾಗಾಗಿ ಸಂಗ್ರಹಕಾರರಿಗೆ ಉಳಿದಿರುವುದು ಆ ವರ್ಷ ಮಾಡಿದ 880 ಪ್ರೂಫ್‌ಗಳು ಮಾತ್ರ.

ಪ್ರೂಫ್ ಅಂದರೆ ನಾಣ್ಯದ ಸ್ಥಿತಿ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ನಾಣ್ಯ ಮಾಡುವ ವಿಧಾನ. ಅಚ್ಚಿನ ಸಮತಟ್ಟು ಭಾಗವನ್ನು ಮುಖ ಕಾಣುವಷ್ಟು ಉಜ್ಜುತ್ತಾರೆ. ಬೆಳ್ಳಿ ಬಿಲ್ಲೆಗೂ ಪಾಲಿಶ್ ಹಾಕುತ್ತಾರೆ. ಆಮೇಲೆ ಒಂದೊಂದನ್ನೇ, ನಿಧಾನವಾಗಿ, ಹೆಚ್ಚು ಒತ್ತಡ ಕೊಟ್ಟು ಅಚ್ಚು ಹಾಕುತ್ತಾರೆ. ಅದಕ್ಕೇ ಹದ್ದಿನ ಒಂದೊಂದು ಗರಿಯೂ ಎದ್ದು ಕಾಣುತ್ತದೆ, ಅಂಚು ಚೂಪಾಗಿರುತ್ತದೆ. ಹೊಸ ಅಚ್ಚಿನ ಮೊದಲ ನಾಣ್ಯಗಳಲ್ಲಿ ಚಿತ್ರ ಮಾತ್ರ ಹೊಳಪಿಲ್ಲದೆ ಬೆಳ್ಳಗೆ, ಹಿನ್ನೆಲೆ ಕಪ್ಪು ಕನ್ನಡಿ. ಇದನ್ನು ಕ್ಯಾಮಿಯೋ ಅಂತಾರೆ. ಅಚ್ಚು ಸವೆದ ಹಾಗೆ ಈ ಚೆಂದ ಕಡಿಮೆಯಾಗುತ್ತದೆ. ಇಂಥ ನಾಣ್ಯವನ್ನು ಯಾರೋ ಜೇಬಿಗೆ ಹಾಕಿ ಖರ್ಚು ಮಾಡಿ ಸವೆಸಿದ್ದರೂ ಅದು ಪ್ರೂಫೇ.

(ತೆರೆಯ ಮೇಲೆ: 1804 ಎಂದಿರುವ ಡಾಲರ್)

1858ರ ಸುಮಾರಿಗೆ ಟಂಕಸಾಲೆ ಪ್ರೂಫ್‌ಗಳನ್ನು ಎಲ್ಲರಿಗೂ ಮಾರಲು ಶುರು ಮಾಡಿತು. ಅದಕ್ಕೂ ಮೊದಲು ಅವು ಪರಿಚಯದವರಿಗೆ, ಗಣ್ಯರಿಗೆ ಮಾತ್ರ. ಈ ಹಳೇ ಕಾಲದ್ದೇ ನನಗೆ ಬಹಳ ಇಷ್ಟವಾದ ಕಥೆ. 1834ರಲ್ಲಿ ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿಯ ಕೈಲಿ ಮಸ್ಕತ್‌ನ ಸುಲ್ತಾನ, ಸಯಾಮ್‌ನ ರಾಜ ಮುಂತಾದವರಿಗೆ ಕೊಡಲು ನಾಣ್ಯಗಳ ಸೆಟ್ ಬೇಕಾಯಿತು. ಡಾಲರ್ ತಯಾರಿ ನಿಂತು 30 ವರ್ಷ ಆಗಿತ್ತು. ಕೊನೆಯ ಸಲ ಮಾಡಿದ್ದು 1804ರಲ್ಲಿ ಅಂತ ದಾಖಲೆಯಲ್ಲಿತ್ತು. ಸರಿ, ಅದೇ ಇಸವಿ ಹಾಕಿಬಿಟ್ಟರು. ನಿಜ ಏನೆಂದರೆ 1804ರಲ್ಲಿ ಬಳಸಿದ್ದು ಹಿಂದಿನ ಇಸವಿಯ ಅಚ್ಚುಗಳನ್ನು. ಹೀಗೆ 1804ರಲ್ಲಿ ಇರದೇ ಇದ್ದ ‘1804ರ ಡಾಲರ್’ ಹುಟ್ಟಿತು! ಆ ಮೊದಲ ಗುಂಪಿನ 8 ನಾಣ್ಯ ಗೊತ್ತಿವೆ. ಆಮೇಲೆ ಟಂಕಸಾಲೆಯಲ್ಲೇ ಮತ್ತೆ ಎರಡು ಬಗೆಯಲ್ಲಿ ಮಾಡಿದವೂ ಸೇರಿದರೆ 15. ಮಸ್ಕತ್‌ಗೆ ಹೋಗಿದ್ದೆಂದು ನಂಬಲಾದ ನಾಣ್ಯ 1999ರ ಹರಾಜಿನಲ್ಲಿ 41.4 ಲಕ್ಷ ಡಾಲರ್‌ಗೆ ಹೋಯಿತು, 2021ರಲ್ಲಿ 76.8 ಲಕ್ಷಕ್ಕೆ. ಅಮೆರಿಕದಲ್ಲಿರುವ ಕನ್ನಡಿಗರೇ, ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಈ ಡಾಲರ್‌ನ ಮೂರೂ ಬಗೆಯವು ಇವೆ.

ಟ್ರೇಡ್ ಡಾಲರ್ ಕೂಡ ಹೀಗೇ ವಿಚಿತ್ರ. ಚೀನಾ ವ್ಯಾಪಾರಕ್ಕೆಂದು 1873ರಲ್ಲಿ ಶುರುವಾಯಿತು. 1879ರಿಂದ ಮುಂದಕ್ಕೆ ಬರೀ ಪ್ರೂಫ್. 1884ರದ್ದು 10, 1885ರದ್ದು 5, ಅಷ್ಟೇ.

ಮೋಸದ ವಿಷಯಕ್ಕೆ ಬರೋಣ. ಫಿಲಡೆಲ್ಫಿಯಾದ ಮಾರ್ಗನ್ ಡಾಲರ್‌ಗೆ ಟಂಕಸಾಲೆಯ ಗುರುತು ಇರುವುದಿಲ್ಲ. ನ್ಯೂ ಆರ್ಲಿಯನ್ಸ್‌ನದಕ್ಕೆ ‘ಓ’, ಸ್ಯಾನ್ ಫ್ರಾನ್ಸಿಸ್ಕೋದ್ದಕ್ಕೆ ‘ಎಸ್’, ಹಿಂಬದಿಯಲ್ಲಿ ಎಲೆಮಾಲೆಯ ಕೆಳಗೆ. ಆ ಅಕ್ಷರ ಉಜ್ಜಿ ತೆಗೆದು 1895ರ ಫಿಲಡೆಲ್ಫಿಯಾ ಡಾಲರ್ ಅಂತ ಮಾರುವವರಿದ್ದಾರೆ. ಆ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ, ಗೀರು ಅಥವಾ ತಗ್ಗು ಕಂಡರೆ ಬಿಟ್ಟುಬಿಡಿ.

ಇನ್ನೊಂದು, ದಯವಿಟ್ಟು ನಾಣ್ಯ ತೊಳೆಯಬೇಡಿ. ಮೆತ್ತನೆ ಬಟ್ಟೆಯಲ್ಲಿ ಸುಮ್ನೆ ಒರೆಸಿದರೂ ಪ್ರೂಫ್‌ನ ಕನ್ನಡಿ ಮೇಲೆ ಕೂದಲಿನಷ್ಟು ಸಣ್ಣ ಗೀರು ಬೀಳುತ್ತವೆ, ಮತ್ತೆ ಹೋಗಲ್ಲ. ಹಳೇ ಸಂಗ್ರಹಕಾರರು ಸಯನೈಡ್‌ನಲ್ಲೂ ತೊಳೆದಿದ್ದಾರೆ. ಜೆ. ಸ್ಯಾನ್‌ಫೋರ್ಡ್ ಸಾಲ್ಟಸ್ ಎಂಬ ಹೆಸರಾಂತ ಸಂಗ್ರಹಕಾರ 1922ರಲ್ಲಿ ಲಂಡನ್‌ನಲ್ಲಿ ಹಾಗೆ ತೊಳೆಯುವಾಗ, ಪಕ್ಕದಲ್ಲಿದ್ದ ಪಾನೀಯ ಅಂದುಕೊಂಡು ಆ ದ್ರಾವಣವನ್ನೇ ಕುಡಿದು ತೀರಿಕೊಂಡರು. ಕಾಲ ಕಳೆದಂತೆ ಬೆಳ್ಳಿಗೆ ಬರುವ ನೀಲಿ, ನೇರಳೆ ಬಣ್ಣಕ್ಕೆ ಇವತ್ತು ಜನ ಹೆಚ್ಚು ದುಡ್ಡು ಕೊಡುತ್ತಾರೆ. ಅದನ್ನು ತೆಗೆಯುವ ಗೊಡವೆಯೇ ಬೇಡ.

(ತೆರೆಯ ಮೇಲೆ: 1892ರ ಬಾರ್ಬರ್ ಡೈಮ್)

ಶುರು ಮಾಡುವವರಿಗೆ ನಾನು ಹೇಳೋದು 1892ರ ಬಾರ್ಬರ್ ಡೈಮ್, ಅಂದರೆ 10 ಸೆಂಟ್. ಆ ವಿನ್ಯಾಸದ ಮೊದಲ ವರ್ಷ ಅದು. ಫಿಲಡೆಲ್ಫಿಯಾದಲ್ಲಿ ಚಲಾವಣೆಗೆ 1.2 ಕೋಟಿ ತಯಾರಾದವು, ಪ್ರೂಫ್ 1,245 ಮಾತ್ರ. ಪಿಸಿಜಿಎಸ್ ಅಥವಾ ಎನ್‌ಜಿಸಿ, ಅಂದರೆ ನಾಣ್ಯ ನೋಡಿ ಅಂಕ ಕೊಡುವ ಸಂಸ್ಥೆಗಳು, ಪರೀಕ್ಷಿಸಿ ಡಬ್ಬಿಯಲ್ಲಿಟ್ಟು ಕೊಟ್ಟದ್ದನ್ನೇ ತಗೊಳ್ಳಿ. ಆದರೆ ಒಂದೇ ಅಂಕ ಸಿಕ್ಕಿರುವ ಎರಡು ನಾಣ್ಯ ಒಂದೇ ಥರ ಇರಲ್ಲ. ಎರಡನ್ನೂ ಒಂದೇ ದೀಪದ ಕೆಳಗೆ ಹಿಡಿದು ನಿಧಾನವಾಗಿ ಓರೆ ಮಾಡಿ. ಹಿನ್ನೆಲೆಯಲ್ಲಿ ಗೀರು ಕಡಿಮೆ ಇರುವುದನ್ನು ಆರಿಸಿ, ಸ್ವಲ್ಪ ಜಾಸ್ತಿ ಬೆಲೆಯಾದರೂ ಸರಿ.