ತೊಗರಿ ಹೊಲದ ನೊಣ ಯಾವುದು?

ಕೇಳುಗರಿಗೆಲ್ಲ ನಮಸ್ಕಾರ. ತೊಗರಿ ಹೂ ಬಿಟ್ಟು ಕಾಯಿ ಹಿಡಿಯೋ ಹೊತ್ತಿಗೆ ನಮ್ಮ ಕಲಬುರಗಿ ಕಡೆ ಎಲ್ಲರ ಮೊಬೈಲಲ್ಲೂ ನೊಣದ ಫೋಟೋ. "ಸರ್, ಇದ್ಯಾವ ನೊಣ, ಎಣ್ಣೆ ಹೊಡೀಬೇಕಾ?" ಎಲೆ ಚೆಂದ ಬಂದಿರುತ್ತದೆ, ನೊಣ ಮಾತ್ರ ಬರೀ ಕರಿ ಚುಕ್ಕೆ!

ಆದರೂ ಹೊಡೆಯೋಕೆ ಮುಂಚೆ ಕೇಳುವುದು ಒಳ್ಳೆಯದೇ. ಪುಟ್ಟದಾಗಿ, ಮಿರಮಿರ ಕಪ್ಪಗಿರುವುದು ಕಾಯಿ ನೊಣ, ಅದರ ಮರಿ ಕಾಯಿಯೊಳಗೇ ಕೂತು ಕಾಳು ತಿನ್ನುತ್ತದೆ. ಟ್ಯಾಕಿನಿಡ್ ನೊಣ ಹಾಗಲ್ಲ. ಅದರ ಮರಿ ಕಾಯಿಕೊರಕ ಕೀಡೆಯ ಮೈಯೊಳಗೆ ಬೆಳೆದು ಕೀಡೆಯನ್ನೇ ಕೊಲ್ಲುತ್ತದೆ. ಅದು ನಮ್ಮ ಪರ. (ರೇಷ್ಮೆಯವರು ಒಪ್ಪಲಿಕ್ಕಿಲ್ಲ ಬಿಡಿ. 1980ರಲ್ಲಿ ಕರ್ನಾಟಕಕ್ಕೆ ಬಂದ, ರೇಷ್ಮೆ ಹುಳವನ್ನು ಕೊಲ್ಲೋ ಊಜಿ ನೊಣವೂ ಇದೇ ಕುಟುಂಬದ್ದು.)

ಟ್ಯಾಕಿನಿಡ್ ನೋಡೋಕೆ ಹೆಚ್ಚುಕಡಿಮೆ ಮನೆ ನೊಣವೇ. ಹೊಟ್ಟೆ ಮೇಲೆ ನೆಟ್ಟಗೆ ನಿಂತ ಗಡಸು ಕೂದಲು ಇದ್ದರೆ ಅನುಮಾನ ಶುರು ಮಾಡಿ. ರೆಕ್ಕೆಯ ಒಂದು ನರ ತುದಿ ಹತ್ತಿರ ಮುಂದಕ್ಕೆ ಬಾಗಿರುತ್ತದೆ, ಆದರೆ ಮನೆ ನೊಣಕ್ಕೂ ಹಾಗೇ ಇರುವುದರಿಂದ ಅದೊಂದನ್ನೇ ನಂಬೋ ಹಾಗಿಲ್ಲ. ಗಟ್ಟಿ ಗುರುತು ಬೇರೆ ಇದೆ. ಬೆನ್ನಿನ ಹಿಂತುದಿಯ ಕೆಳಗೆ, ಹೊಟ್ಟೆ ಶುರುವಾಗೋ ಜಾಗದಲ್ಲಿ, ಒಂದು ಪುಟ್ಟ ಉಬ್ಬು. ಮೇಲಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದಿಲ್ಲ, ಪಕ್ಕದಿಂದಲೇ ತೆಗೆಯಬೇಕು. ಮುಖದ್ದೂ ಒಂದು ಇರಲಿ. ಚಳಿಗೆ ನೊಣ ಮಂಕಾಗಿರುತ್ತದೆ, ಬೆಳಗ್ಗೆ ಬೇಗ ಹೋಗಿ.

ಇಷ್ಟೆಲ್ಲ ಮಾಡಿದರೂ ಫೋಟೋದಿಂದ ಸಿಗುವುದು ಬಹುಪಾಲು ಕುಟುಂಬದ ಹೆಸರು. ಲೋಕದಲ್ಲಿ ಟ್ಯಾಕಿನಿಡ್‌ಗಳೇ 8 ಸಾವಿರಕ್ಕೂ ಜಾಸ್ತಿ. ಎಷ್ಟೋ ಜಾತಿಗಳಿಗೆ ಗಂಡು ನೊಣದ ಹಿಂಭಾಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ್ಯಪ್ ಒಂದು ಸೆಕೆಂಡಲ್ಲಿ ಪೂರ್ತಿ ಹೆಸರು ಹೇಳಿತು ಅಂದರೆ ಸುಮ್ನೆ ನಕ್ಕುಬಿಡಿ.

ನನ್ನ ಕೇಳಿದರೆ ನೊಣದ ಹಿಂದೆ ಓಡುವುದಕ್ಕಿಂತ ಕೀಡೆ ಸಾಕುವುದು ಮೇಲು. ದೊಡ್ಡ ಕೀಡೆಗಳನ್ನು ಎಳೆ ಕಾಯಿ ಜೊತೆ ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಂದು ಡಬ್ಬಿಗೆ ಒಂದೇ ಕೀಡೆ, ಇಲ್ಲದಿದ್ದರೆ ಒಂದನ್ನೊಂದು ತಿಂದುಬಿಡುತ್ತವೆ. ಒಳಗೆ ನೊಣದ ಮರಿ ಇದ್ದರೆ ಹೊರಗೆ ಬಂದು ಕಂದು ಬಣ್ಣದ ಕೋಶವಾಗುತ್ತದೆ, ಆಮೇಲೆ ನೊಣ. ಈಗ ಯಾವ ಕೀಡೆಯಿಂದ ಬಂತು ಅನ್ನೋದು ಗೊತ್ತಾಯಿತಲ್ವಾ, ಹುಡುಕಾಟ ಅರ್ಧಕ್ಕರ್ಧ ಇಳಿಯಿತು. ನಮ್ಮ ದೇಶದಲ್ಲಿ ಕಾಯಿಕೊರಕದಿಂದ ಬಂದದ್ದು ಅಂತ ದಾಖಲಾದವು ಕಾರ್ಸೇಲಿಯಾ ಇಲ್ಲೋಟಾ, ಗೋನಿಯಾಫ್ತಾಲ್ಮಸ್ ಹಾಲಿ ಥರ ಕೆಲವೇ ಜಾತಿ. ಫೋಟೋ ಕಳಿಸುವಾಗ ಕೀಡೆಯದ್ದು, ಕೋಶದ್ದು, ನೊಣದ್ದು ಮೂರೂ ಕಳಿಸಿ, ಊರು ಮತ್ತು ತಾರೀಖು ಬರೆಯಿರಿ. ಸತ್ತ ನೊಣವನ್ನು ಎಸೆಯಬೇಡಿ, ಬೆಂಕಿಪೊಟ್ಟಣದಲ್ಲಿಟ್ಟು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ತಗೊಂಡು ಹೋಗಿ.