ದೂರದ ಸಹಾಯಕರ ಕೈಗೆ ಏನು ಕೊಡಬೇಕು, ಏನು ಕೊಡಬಾರದು

ಕೇಳುಗರಿಗೆ ನಮಸ್ಕಾರ.

ಶಿರಸಿ, ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಮನೆ ಉದ್ಯಮಗಳು ಬೇಕಾದಷ್ಟಿವೆ. ಮಿಡಿ ಬರುವ ಕಾಲಕ್ಕೆ ಮನೆಮಂದಿಯೆಲ್ಲ ತೊಟ್ಟು ಬಿಡಿಸುವುದರಲ್ಲಿ, ಉಪ್ಪು ಹಾಕುವುದರಲ್ಲಿ ಮುಳುಗಿರುತ್ತಾರೆ. ಅದೇ ಹೊತ್ತಿಗೆ ಬೆಂಗಳೂರಿನಿಂದ, ಮುಂಬೈಯಿಂದ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬರುತ್ತಿರುತ್ತದೆ. ಉತ್ತರ ಕೊಡಲು, ವಿಳಾಸ ಬರೆದುಕೊಳ್ಳಲು, ಕೊರಿಯರ್ ಬುಕ್ ಮಾಡಲು ಒಬ್ಬರು ಬೇಕು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಮನೆಯಲ್ಲೇ ಕೂತು ದಿನಕ್ಕೆ ಮೂರ್ನಾಲ್ಕು ಗಂಟೆ ಈ ಕೆಲಸ ಮಾಡಿಕೊಡುವವರು ಈಗ ಸಿಗುತ್ತಾರೆ. ಉಪ್ಪಿನಕಾಯಿಗೆ ಮಾತ್ರವಲ್ಲ, ಸೀರೆ ವ್ಯಾಪಾರಕ್ಕೂ ಟ್ಯೂಷನ್ ಕ್ಲಾಸಿಗೂ ಹೀಗೆ ಸಹಾಯಕರನ್ನು ಇಟ್ಟುಕೊಳ್ಳುವುದು ರೂಢಿಗೆ ಬಂದಿದೆ.

ಮಾಲೀಕರು ಮೊದಲು ಕೇಳುವುದು, ಜನ ನಂಬಿಕಸ್ಥರೇ ಎಂದು. ಅದನ್ನು ಕೇಳಲೇಬೇಕು. ಆದರೆ ಸಹಾಯಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಫೋನ್ ಬಸ್ಸಿನಲ್ಲಿ ಕಳೆದುಹೋಗಬಹುದು, ಅವರ ಇಮೇಲ್ ಬೇರೆಯವರ ಕೈಗೆ ಸಿಗಬಹುದು. ಆಗ ನಿಮ್ಮ ವ್ಯಾಪಾರದ ಗತಿ ಏನಾಗುತ್ತದೆ ಎಂಬುದು, ಅವರ ಕೈಗೆ ನೀವು ಏನೇನು ಕೊಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಇವತ್ತಿನ ಮಾತು ಹೆಚ್ಚಾಗಿ ಅದರ ಬಗ್ಗೆಯೇ.

ಆಯ್ಕೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮುಖ ಕಾಣುವ ಹಾಗೆ ವಿಡಿಯೋ ಕರೆಯಲ್ಲಿ ಮಾತಾಡಿ. ಹಿಂದೆ ಕೆಲಸ ಮಾಡಿದ ಎರಡು ಕಡೆಯವರಿಗೆ ಫೋನ್ ಮಾಡಿ ವಿಚಾರಿಸಿ. ಮೂರ್ನಾಲ್ಕು ಗಂಟೆಯ ಪರೀಕ್ಷಾ ಕೆಲಸ ಕೊಡಿ. ಅದಕ್ಕೆ ದುಡ್ಡು ಕೊಡಿ, ಪುಕ್ಕಟೆ ಮಾಡಿಸಿಕೊಳ್ಳಬೇಡಿ. ಆ ಪರೀಕ್ಷೆಗೆ ನಿಜವಾದ ಗ್ರಾಹಕರ ಹೆಸರು, ನಂಬರ್ ಕೊಡುವ ಅಗತ್ಯವಿಲ್ಲ. ಹತ್ತು ಕಾಲ್ಪನಿಕ ಆರ್ಡರ್ ಬರೆದುಕೊಟ್ಟರೆ ಸಾಕು. ಸಂದರ್ಶನಕ್ಕೆ ಒಬ್ಬರು ಬಂದು ಕೆಲಸ ಇನ್ನೊಬ್ಬರು ಮಾಡುವುದೂ ಉಂಟು. ವಾರಕ್ಕೊಂದು ಹತ್ತು ನಿಮಿಷದ ವಿಡಿಯೋ ಕರೆ ಇಟ್ಟುಕೊಂಡರೆ ಅದು ಬೇಗ ಗೊತ್ತಾಗುತ್ತದೆ. ಮೊದಲ ತಿಂಗಳು ಸಂಬಳವನ್ನು ವಾರವಾರ ಕೊಡುವುದು ಇಬ್ಬರಿಗೂ ಒಳ್ಳೆಯದು.

ಈಗ ವಾಟ್ಸ್‌ಆ್ಯಪ್‌ಗೆ ಬರೋಣ. ಮನೆಯ ನಂಬರಿನಲ್ಲೇ ವ್ಯಾಪಾರ ಮಾಡುತ್ತಿದ್ದರೆ ಸಹಾಯಕರನ್ನು ಸೇರಿಸುವ ಮೊದಲೇ ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಒಂದು ಖಾತೆಗೆ ಮೂಲ ಫೋನ್ ಬಿಟ್ಟು ಇನ್ನೂ ನಾಲ್ಕು ಸಾಧನಗಳನ್ನು ಲಿಂಕ್ ಮಾಡಬಹುದು. ಲಿಂಕ್ ಆದವರಿಗೆ ಆ ನಂಬರಿನ ಮಾತುಕತೆ ಕಾಣುತ್ತದೆ. ಅತ್ತಿಗೆಯ ಜತೆ ಆಡಿದ ಮಾತು, ಡಾಕ್ಟರಿಗೆ ಕಳಿಸಿದ ರಿಪೋರ್ಟು ಅದರಲ್ಲೇ ಇದ್ದರೆ ಅದೂ ಕಾಣುತ್ತದೆ.

ಲಿಂಕ್ ಮಾಡುವ ಕ್ರಮವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸಹಾಯಕರು ತಮ್ಮ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದು ನಿಮ್ಮ ನಂಬರ್ ಹಾಕಿದರೆ ಅಲ್ಲಿ 8 ಅಕ್ಷರದ ಕೋಡ್ ಬರುತ್ತದೆ. ಅದನ್ನು ಅವರು ನಿಮಗೆ ಓದಿ ಹೇಳುತ್ತಾರೆ. ನೀವು ನಿಮ್ಮ ಫೋನಿನ ಲಿಂಕ್ಡ್ ಡಿವೈಸಸ್‌ನಲ್ಲಿ ಅದನ್ನು ಹಾಕುತ್ತೀರಿ. ಅಂದರೆ ಕೋಡ್ ಅವರಿಂದ ನಿಮಗೆ ಬರಬೇಕು. ನಿಮ್ಮ ಫೋನಿಗೆ ಎಸ್‌ಎಂಎಸ್ ಬಂದ 6 ಅಂಕಿಯ ಕೋಡನ್ನು ಯಾರಾದರೂ ಕೇಳಿದರೆ, ಅದು ನಿಮ್ಮ ನಂಬರನ್ನೇ ತಮ್ಮ ಫೋನಿಗೆ ಎಳೆದುಕೊಳ್ಳುವ ಕೋಡ್. ಅದನ್ನು ಸಹಾಯಕರಿಗೂ ಕೊಡಬಾರದು. ಇನ್ನೊಂದು ವಿಷಯ: ನೀವಾಗಿ ಕರೆ ಮಾಡಿ, ದನಿ ಗುರುತಿಸಿ ಮಾತಾಡುತ್ತಿರುವಾಗ ಮಾತ್ರ ಲಿಂಕ್ ಮಾಡಿ. ಮೋಸಗಾರರು ಬಳಸುವುದೂ ಇದೇ ದಾರಿಯನ್ನು. ವಾಟ್ಸ್‌ಆ್ಯಪ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಪಿನ್, ಅಂದರೆ ಎಸ್‌ಎಂಎಸ್ ಕೋಡಿನ ಜತೆಗೆ ಕೇಳುವ ಇನ್ನೊಂದು ಗುಟ್ಟಿನ ಸಂಖ್ಯೆ, ಹಾಕಿಡಿ, ಅದು ನಿಮಗೆ ಮಾತ್ರ ಗೊತ್ತಿರಲಿ. ಮೂಲ ಫೋನನ್ನು 14 ದಿನ ಮುಟ್ಟದಿದ್ದರೆ ಲಿಂಕ್ ತಾನಾಗಿ ಕಳಚುತ್ತದೆ. ಸಹಾಯಕರು ಇದ್ದಕ್ಕಿದ್ದಂತೆ ಲಾಗಿನ್ ಹೋಯಿತು ಎಂದರೆ ಮೊದಲು ಅದನ್ನು ನೋಡಿ.

ಎಲ್ಲಕ್ಕಿಂತ ಹೆಚ್ಚು ಹಣ ಸೋರುವ ಜಾಗ ಪೇಮೆಂಟ್ ಸ್ಕ್ರೀನ್‌ಶಾಟ್. ಗ್ರಾಹಕರೆಂದು ಹೇಳಿಕೊಂಡವರು 1,450 ರೂಪಾಯಿ ಹಾಕಿದ್ದೇನೆ ಎಂದು ಚಿತ್ರ ಕಳಿಸುತ್ತಾರೆ. ಬ್ಯಾಂಕಿನ ಎಸ್‌ಎಂಎಸ್ ಬರುವುದು ನಿಮ್ಮ ಫೋನಿಗೆ. ನಿಮ್ಮ ಕೈ ತುಂಬ ಮಸಾಲೆ. ಹುಬ್ಬಳ್ಳಿಯಲ್ಲಿರುವ ಸಹಾಯಕರಿಗೆ ಕಾಣುವುದು ಚಿತ್ರ ಮಾತ್ರ. ಅವರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊರಿಯರ್ ಬುಕ್ ಮಾಡುತ್ತಾರೆ. ಅಂಥ ಚಿತ್ರವನ್ನು ನಕಲಿ ಆ್ಯಪ್‌ನಲ್ಲಿ ಎರಡೇ ನಿಮಿಷದಲ್ಲಿ ಮಾಡಬಹುದು.

ಇದಕ್ಕೆ ಒಂದು ಗೂಗಲ್ ಶೀಟ್, ಅಂದರೆ ಇಬ್ಬರೂ ಇಂಟರ್ನೆಟ್‌ನಲ್ಲಿ ತೆರೆದು ಬರೆಯಬಹುದಾದ ಲೆಕ್ಕದ ಹಾಳೆ, ಸಾಕು. ಆರ್ಡರ್ ಸಂಖ್ಯೆ, ಹೆಸರು, ಊರು, ತೂಕ, ಮೊತ್ತ, ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ಕೊನೆಗೆ 'ಜಮಾ ಆಗಿದೆ' ಎಂಬ ಕಾಲಂ. ಈ ಕೊನೆಯ ಕಾಲಮನ್ನು ಆಯ್ಕೆ ಮಾಡಿ, ಡೇಟಾ ಮೆನುವಿನಲ್ಲಿ ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್ ಒತ್ತಿ, ನೀವೊಬ್ಬರೇ ಬದಲಿಸುವಂತೆ ಇಡಿ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಅಲ್ಲಿ ಗುರುತು ಹಾಕಿ. ಗುರುತು ಬೀಳದ ಪಾರ್ಸೆಲ್ ಹೊರಡಬಾರದು. ದಿನಕ್ಕೆ ಹದಿನೈದು ನಿಮಿಷದ ಕೆಲಸ ಇದು. ಹಾಗೆಯೇ, ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ವಾಪಸ್ ಹಾಕಿ ಎಂದು ಗಡಿಬಿಡಿ ಮಾಡುವವರಿಗೆ ಉತ್ತರಿಸುವ ಅಧಿಕಾರ ಸಹಾಯಕರಿಗೆ ಇರಬಾರದು. ಹಣ ಹಿಂತಿರುಗಿಸುವುದು ಮಾಲೀಕರ ಕೈಯಲ್ಲೇ ಇರಲಿ. ಸರಕು ಕೊಡುವವರ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ, ಆ ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಮಾಡಿ ಖಾತ್ರಿ ಮಾಡಿಕೊಳ್ಳಿ.

ಶೀಟ್ ನಿಮ್ಮ ಗೂಗಲ್ ಖಾತೆಯಲ್ಲೇ ಹುಟ್ಟಬೇಕು. ಸಹಾಯಕರು ತಮ್ಮ ಜಿಮೇಲ್‌ನಲ್ಲಿ ಮಾಡಿ ನಿಮಗೆ ಹಂಚಿದರೆ ಅದರ ಒಡೆತನ ಅವರದು. ಅವರು ಅಳಿಸಿದರೆ ಮೂರು ವರ್ಷದ ಗ್ರಾಹಕರ ಪಟ್ಟಿ ಹೋಯಿತು. ಒಂದೇ ಪಾಸ್‌ವರ್ಡಿನಲ್ಲಿ ಇಬ್ಬರೂ ಕೆಲಸ ಮಾಡುವುದೂ ತಪ್ಪು. ಅವರವರ ಐಡಿಗೆ ಹಂಚಿದ್ದರೆ ಶೀಟಿನ ವರ್ಷನ್ ಹಿಸ್ಟರಿಯಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬುದು ಉಳಿಯುತ್ತದೆ. ನನಗೆ ಇದು ಬಹಳ ಮುಖ್ಯ ಅನಿಸುವುದು ಸಹಾಯಕರ ದೃಷ್ಟಿಯಿಂದ. ಲೆಕ್ಕ ತಪ್ಪಿದ ದಿನ ಮೊದಲ ಅನುಮಾನ ಹೋಗುವುದು ದೂರದಲ್ಲಿ ಇರುವವರ ಮೇಲೆ. ಅವರು ನಿರ್ದೋಷಿ ಎಂದು ತೋರಿಸಲು ಅವರಿಗಿರುವ ಸಾಕ್ಷಿ ಅದೊಂದೇ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗೂ ಇದೇ ಮಾತು. ಪಾಸ್‌ವರ್ಡ್ ಹೇಳಬೇಡಿ. ಇವೆರಡರ ವ್ಯಾಪಾರದ ಪುಟಗಳನ್ನು ನಿಭಾಯಿಸುವ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಅವರ ಹೆಸರು ಸೇರಿಸಿ, ಸಂದೇಶ ಮತ್ತು ಪೋಸ್ಟಿಗೆ ಬೇಕಾದಷ್ಟೇ ಅಧಿಕಾರ ಕೊಡಿ. ಪೂರ್ಣ ನಿಯಂತ್ರಣ ನಿಮಗೂ ಮನೆಯ ಇನ್ನೊಬ್ಬರಿಗೂ ಇರಲಿ. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಪ್ರೊಫೈಲಿಗೆ ಸಹಾಯಕರು ಮ್ಯಾನೇಜರ್ ಆದರೆ ಸಾಕು, ಓನರ್ ಆಗಬೇಕಿಲ್ಲ. ವೆಬ್‌ಸೈಟ್ ಇದ್ದರೆ ಅದರ ಡೊಮೈನ್, ಅಂದರೆ ವೆಬ್ ವಿಳಾಸದ ಹೆಸರು, ನಿಮ್ಮ ಇಮೇಲ್‌ನಲ್ಲೇ ನೋಂದಣಿಯಾಗಲಿ.

ಬ್ಯಾಂಕ್ ಮತ್ತು ಜಿಎಸ್‌ಟಿ. ಚಾಲ್ತಿ ಖಾತೆ ಇದ್ದರೆ, ಹಣ ಕಳಿಸಲು ಬಾರದ, ಬರೀ ನೋಡಲು ಬರುವ ಲಾಗಿನ್ ಕೊಡುತ್ತಾರಾ ಎಂದು ಬ್ಯಾಂಕಿನಲ್ಲಿ ಕೇಳಿ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನು ನೀವೇ ಹಂಚಿದ್ದರೆ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬ್ಯಾಂಕಿಗೆ ದೂರು ಮುಟ್ಟುವ ತನಕ ಆದ ನಷ್ಟವೆಲ್ಲ ನಿಮ್ಮದೇ. ತಿಂಗಳ ಜಿಎಸ್‌ಟಿಯಲ್ಲಿ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್ 1ಕ್ಕೆ ಮರುತಿಂಗಳ 11ನೇ ತಾರೀಕು, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ಜಿಎಸ್‌ಟಿಆರ್ 3ಬಿಗೆ 20ನೇ ತಾರೀಕು ಗಡುವು. ಬಿಲ್ಲಿನ ವಿವರ ತುಂಬುವ ಕೆಲಸ ಸಹಾಯಕರು ಮಾಡಲಿ, ಆದರೆ ಓಟಿಪಿ ಹೋಗುವ ಮೊಬೈಲ್ ಮತ್ತು ಇಮೇಲ್ ನಿಮ್ಮದಾಗಿರಲಿ. ಅನುಕೂಲವಾಗುತ್ತದೆ ಎಂದು ಅವರ ನಂಬರ್ ಕೊಟ್ಟುಬಿಟ್ಟರೆ ಮುಂದೆ ಬಿಡಿಸಿಕೊಳ್ಳುವುದು ಕಷ್ಟ. ನಿಮ್ಮ ಪ್ಯಾನ್, ಆಧಾರ್, ಕರೆಂಟ್ ಬಿಲ್ಲಿನ ಪ್ರತಿ ಕಳಿಸಲೇಬೇಕಾದರೆ ಅದರ ಮೇಲೆ ಅಡ್ಡವಾಗಿ ಯಾವ ಕೆಲಸಕ್ಕೆ, ಯಾವ ದಿನಾಂಕ ಎಂದು ಬರೆದು ಕಳಿಸಿ. ಇಂಥ ಕಾಗದಗಳಿಂದ ಬೇರೆಯವರ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿದ ಪ್ರಕರಣಗಳಿವೆ. ನಿಮ್ಮ ಪ್ಯಾನ್ ಮೇಲೆ ಎಷ್ಟು ನೋಂದಣಿ ಇವೆ ಎಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನೋಡಬಹುದು.

ಕರಾರು ಎರಡು ಪುಟ ಇದ್ದರೆ ಸಾಕು, ಆದರೆ ಬರಹದಲ್ಲಿರಲಿ. ಕೆಲಸ ಬಿಟ್ಟ ಮೇಲೆ ಬೇರೆ ಉಪ್ಪಿನಕಾಯಿಯವರ ಹತ್ತಿರ ಕೆಲಸ ಮಾಡಬಾರದು ಎಂಬ ಷರತ್ತು ಬರೆಯುತ್ತಾರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ನಿಲ್ಲುವುದಿಲ್ಲ. ಅದರ ಬದಲು ಗ್ರಾಹಕರ ಪಟ್ಟಿ, ದರ, ಪಾಕವಿಧಾನ ಗುಟ್ಟಾಗಿಡಬೇಕು ಎಂದು ಬರೆಯಿರಿ. ಲೇಬಲ್, ಲೋಗೋ ಮಾಡಿಸಿದರೆ ಅದರ ಹಕ್ಕು ನಿಮಗೆ ಬರುವಂತೆ ಸಹಿ ಮಾಡಿಸಿ, ಕಾಲಾವಧಿಯನ್ನೂ ಸ್ಪಷ್ಟವಾಗಿ ಹಾಕಿ. ಅವಧಿ ಬರೆಯದೇ ಬಿಟ್ಟರೆ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದೇ ವರ್ಷ ಎಂದು ಎಣಿಸುತ್ತದೆ. ಗ್ರಾಹಕರ ಮಾಹಿತಿಯ ಹೊಣೆಯೂ ನಿಮ್ಮದೇ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯಲ್ಲಿ, ಮಾಹಿತಿಯನ್ನು ನಿಮ್ಮ ಪರವಾಗಿ ಯಾರೇ ಬಳಸಲಿ, ಉತ್ತರ ಹೇಳಬೇಕಾದವರು ನೀವು. ಅದಕ್ಕೇ ತಿಂಗಳು ಮುಗಿದ ಆರ್ಡರುಗಳನ್ನು ಹಂಚಿದ ಶೀಟಿನಿಂದ ತೆಗೆದು ನಿಮ್ಮ ಸ್ವಂತ ಫೈಲಿಗೆ ಹಾಕಿಕೊಳ್ಳಿ.

ಸಹಾಯಕರು ಕೆಲಸ ಬಿಡುವ ದಿನ, ಬಾಕಿ ಸಂಬಳ ಪೂರ್ತಿ ಕೊಟ್ಟು, ಅವತ್ತೇ ಕೂತು ಬಾಗಿಲುಗಳನ್ನು ಮುಚ್ಚಿ. ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಿಂದ ಅವರ ಸಾಧನ ಲಾಗ್ ಔಟ್ ಮಾಡಿ. ಶೀಟ್, ಮೆಟಾ, ಗೂಗಲ್ ಪ್ರೊಫೈಲ್, ಕೊರಿಯರ್ ಖಾತೆಯಿಂದ ಅವರ ಹೆಸರು ತೆಗೆಯಿರಿ. ಅವರಿಗೆ ಗೊತ್ತಿದ್ದ ಪಾಸ್‌ವರ್ಡ್ ಏನಾದರೂ ಇದ್ದರೆ ಬದಲಿಸಿ. ಹಣ ಹೋಗಿದೆ ಎಂದು ಯಾವ ಹಂತದಲ್ಲೇ ಗೊತ್ತಾದರೂ, ಯಾರು ಮಾಡಿದರು ಎಂದು ಹುಡುಕುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೂ ಮುಂದಿನ ಖಾತೆಗೆ ಹೋಗಿರದಿದ್ದರೆ ಅಲ್ಲೇ ತಡೆಹಿಡಿಯಲು ಸಾಧ್ಯ.

ನಮಸ್ಕಾರ.