ಸುರುಳಿಯೊಳಗಿನ ಕರಿ ಹುಳು

ರೈತ ಬಾಂಧವರಿಗೆ ನಮಸ್ಕಾರ.

ಆಶ್ಲೇಷಾ ಮಳೆಯ ಹೊತ್ತಿಗೆ ಅಂಕೋಲೆ, ಕುಮಟೆಯ ಬೈಲುಗಳಲ್ಲಿ ಭತ್ತದ ಎಲೆ ಮಡಚಿಕೊಂಡು ಬೆಳ್ಳಗೆ ಗೀರು ಬೀಳತೊಡಗಿದರೆ ಅದು ಎಲೆ ಸುರುಳಿ ಹುಳುವಿನ ಕೆಲಸ. ಔಷಧಿ ಪಂಪು ಹೆಗಲಿಗೇರಿಸುವ ಮೊದಲು ಗದ್ದೆಯ ನಾಲ್ಕಾರು ಕಡೆ ಇಳಿದು ಹತ್ತಿಪ್ಪತ್ತು ಸುರುಳಿ ಬಿಚ್ಚಿ ನೋಡಿ.

ಒಳಗೆ ಹಳದಿ ಮಿಶ್ರಿತ ಹಸಿರು ಹುಳುವಿದ್ದು, ಮುಟ್ಟಿದೊಡನೆ ಪಟಪಟ ಒದ್ದಾಡಿ ಜಾರಿದರೆ ಅದೇ ಕಳ್ಳ. ಕೆಲವು ಸುರುಳಿಯಲ್ಲಿ ಮಿರಮಿರ ಮಿಂಚುವ ಕರಿ ಹುಳು ಸಿಗುತ್ತದೆ. ಎದೆಯ ಹತ್ತಿರ ಮೂರು ಜೊತೆ ಕಾಲು, ಮುಂದಕ್ಕೆ ಚಾಚಿದ ದವಡೆ, ಹಿಂದೆ ಬಾಲದಂಥ ಎರಡು ಎಳೆ. ಎಲೆಯೊಳಗೇ ಸಿಕ್ಕಿತಲ್ಲ ಎಂದು ಇದನ್ನೂ ಹೊಸಕಿಬಿಡುವುದುಂಟು. ಇದು ನೆಲಜೀರುಂಡೆಯ ಮರಿ. ಎಲೆ ಮಡಚಿದ್ದು ಇದಲ್ಲ. ಮಡಚಿದವನನ್ನು ತಿನ್ನಲು ಒಳಹೊಕ್ಕಿದ್ದು. ಓಫಿಯೋನಿಯಾ ಎಂಬುದು ಇದರ ಶಾಸ್ತ್ರೀಯ ಹೆಸರು. ಒಂದೊಂದೂ ದಿನಕ್ಕೆ 3ರಿಂದ 5 ಹುಳು ತಿನ್ನುತ್ತದೆ, ಭತ್ತದ ರಸ ಹೀರುವ ಜಿಗಿ ಹುಳುವನ್ನೂ ಬಿಡುವುದಿಲ್ಲ.

ಬೆಳೆದ ಜೀರುಂಡೆ ಕೆಂಗಂದು, ತೆಳ್ಳಗೆ, ತಲೆ ಕಪ್ಪು, ರೆಕ್ಕೆಯ ಮೇಲೆ ಕಪ್ಪು ಪಟ್ಟಿ. ಹೆಚ್ಚುಕಡಿಮೆ ಇದೇ ಬಣ್ಣದ ಇನ್ನೊಂದು ಕೀಟವಿದೆ. ಅದರ ರೆಕ್ಕೆ ಮೊಟಕು, ಹೊಟ್ಟೆ ಹೊರಗೇ ಕಾಣುತ್ತದೆ. ಅದೂ ಬೆಳೆಗೆ ಉಪಕಾರಿಯೇ, ಆದರೆ ಮೈಮೇಲೆ ಜಜ್ಜಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಕೊಡವಿಬಿಡಿ, ಉಜ್ಜಬೇಡಿ.

ನೀರು ನಿಂತ ಗದ್ದೆಯಲ್ಲಿ ಈ ಜೀರುಂಡೆ ಕೋಶಕಟ್ಟುವುದು ಬದುವಿನ ಮಣ್ಣಿನಲ್ಲಿ. ಬದುವಿಗೆ ಕಳೆನಾಶಕ ಹೊಡೆದು ಬೋಳು ಮಾಡಿದರೆ ಅದರ ಆಸರೆಯೂ ಹೋಯಿತು. ಹುಲ್ಲನ್ನು ಒಂದು ಮಗ್ಗುಲಿಗೆ ಈಗ, ಇನ್ನೊಂದಕ್ಕೆ ಎರಡು ವಾರ ಬಿಟ್ಟು ಸವರಿ.

ಜೀರುಂಡೆ ಇವೆಯೋ ಇಲ್ಲವೋ ತಿಳಿಯಲು ಎತ್ತರದ ಬದುವಿನಲ್ಲಿ ಪ್ಲಾಸ್ಟಿಕ್ ಲೋಟ ಹೂಳಿ. ಅಂಚು ಮಣ್ಣಿಗೆ ಸಮವಿರಲಿ. ಅರ್ಧ ಬೆರಳು ಮೇಲೆದ್ದರೂ ಹುಳ ಸುತ್ತಿಕೊಂಡು ಹೋಗುತ್ತದೆ. ತಗ್ಗಿನ ಬದುವಿನಲ್ಲಾದರೆ ಅಡಿಯ ನೀರು ಒತ್ತಿ ಲೋಟವೇ ಮೇಲೇಳುತ್ತದೆ. ಮಳೆ ಬೀಳದಂತೆ ನಾಲ್ಕು ಕಲ್ಲಿನ ಮೇಲೆ ಅಡಿಕೆ ಹಾಳೆ ಮುಚ್ಚಿ. ಬೆಳಗಾಗುತ್ತಲೇ ನೋಡಿ ಬಿಟ್ಟುಬಿಡಿ, ತಡವಾದರೆ ಒಂದನ್ನೊಂದು ತಿಂದಿರುತ್ತವೆ.

ನಾಟಿಯಾದ 30 ದಿನದೊಳಗೆ ಮಡಚಿದ ಎಲೆಗೆ ಹೆದರಬೇಡಿ, ಸಸಿ ಚಿಗುರಿಕೊಳ್ಳುತ್ತದೆ. ಆಗಲೇ ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಹೊಡೆದರೆ ಜೀರುಂಡೆ, ಜೇಡ ಸತ್ತು ಕಂದು ಜಿಗಿ ಹುಳು ಏರುತ್ತದೆ. ಯೂರಿಯಾ ಒಂದೇ ಸಲ ಸುರಿದಲ್ಲಿ, ಮರದ ನೆರಳಿನಲ್ಲಿ ಸುರುಳಿ ಜಾಸ್ತಿ. ತೆನೆ ಹೊರಡುವ ಮುನ್ನ ಹೊಡೆ ಬರುವಾಗ ಮಾತ್ರ ಎಚ್ಚರ: ಬುಡವೊಂದಕ್ಕೆ ಜೀವಂತ ಹುಳುವಿರುವ ಎರಡು ಎಲೆ ದಾಟಿದರೆ, ಆ ಪಟ್ಟಿಗಷ್ಟೇ ಔಷಧಿ ಹೊಡೆಯಿರಿ.